ಮೊದಲ ಬೇಟೆ ಬಿಲ್ಲು ಬಂತು: ಬಾಣ ಯಾವುದು, ಜೊತೆಗೆ ಏನೇನು ಬೇಕು?

ಹೊಸಹೆದೆ

ಎಲ್ಲರಿಗೂ ನಮಸ್ಕಾರ. ಮೊದಲ ಬೇಟೆ ಬಿಲ್ಲು ತಗೊಂಡಿದ್ದೇನೆ. ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವಂಥದ್ದು), ಎಳೆಯುವ ಭಾರ ಗರಿಷ್ಠ 60 ಪೌಂಡ್. ಸದ್ಯಕ್ಕೆ 55ಕ್ಕೆ ಇಳಿಸಿ ಕೊಟ್ಟಿದ್ದಾರೆ. ಡ್ರಾ ಲೆಂಗ್ತ್, ಅಂದರೆ ಹೆದೆ ಎಳೆಯುವ ಉದ್ದ, 28 ಇಂಚು ಬಂತು. ಸೈಟ್ (ಗುರಿ ನೋಡುವ ಪಿನ್‌ಗಳು), ರೆಸ್ಟ್ (ಬಾಣ ಕೂರುವ ಜಾಗ), ಪುಟ್ಟ ಸ್ಟೆಬಿಲೈಜರ್ (ಬಿಲ್ಲು ಅಲುಗದಂತೆ ಮುಂದೆ ಹಾಕುವ ಕಡ್ಡಿ), ಬತ್ತಳಿಕೆ ಎಲ್ಲ ಸೇರಿದ ಪ್ಯಾಕೇಜ್ ಇದು. ಬಾಣ ಮಾತ್ರ ಇಲ್ಲ. ಬೇಟೆ ತರಗತಿ ಮುಗಿಸಿ ಲೈಸೆನ್ಸ್ ತಗೊಂಡಿದ್ದೇನೆ. ಸೀಸನ್‌ಗೆ ಇನ್ನೂ ಕೆಲವು ತಿಂಗಳಿದೆ. ಜಿಂಕೆ ಗಾತ್ರದ ಪ್ರಾಣಿ, 25 ಗಜದ ಒಳಗೆ, ಅಷ್ಟೇ ನನ್ನ ಯೋಚನೆ.

ಬಾಣ ನೋಡೋಕೆ ಹೋದರೆ ತಲೆ ತಿರುಗುತ್ತಿದೆ. 300, 340, 400, 500 ಅಂತ ಸಂಖ್ಯೆಗಳು. ತುದಿಯ ತೂಕ 100 ಗ್ರೇನೋ 125 ಗ್ರೇನೋ ಗೊತ್ತಾಗುತ್ತಿಲ್ಲ. ಹಗುರ ಬಾಣ ತಗೋ, ವೇಗ ಬರುತ್ತೆ ಅಂತ ಒಬ್ಬರು. ಭಾರದ್ದು ತಗೋ, ಆಳಕ್ಕೆ ಇಳಿಯುತ್ತೆ ಅಂತ ಇನ್ನೊಬ್ಬರು. ಪ್ಯಾಕೇಜಿನ ಸೈಟ್, ರೆಸ್ಟ್ ಬದಲಿಸಬೇಕಾ? ಬ್ರಾಡ್‌ಹೆಡ್ (ಬೇಟೆಗೆ ಹಾಕುವ ಬ್ಲೇಡಿನ ತುದಿ) ಈಗಲೇ ಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಬತ್ತಳಿಕೆ

ಅಭಿನಂದನೆ ತಮ್ಮಾ. ಬಿಲ್ಲು ತಗೊಂಡ ಮೇಲೆ ಎಲ್ಲರೂ ಸೈಟ್ ಬದಲಿಸೋಣ, ರೆಸ್ಟ್ ಬದಲಿಸೋಣ ಅಂತ ಹೊರಡುತ್ತಾರೆ. ನೀವು ಬಾಣದಿಂದ ಶುರು ಮಾಡಿದ್ದೀರಿ. ಸರಿಯಾದ ಕಡೆಯಿಂದಲೇ ಶುರು ಮಾಡಿದ್ದೀರಿ. ಪ್ರಾಣಿಗೆ ತಗಲುವುದು ಬಾಣ, ಬಿಲ್ಲಲ್ಲ. ಸಾಧಾರಣ ಬಿಲ್ಲಿಗೆ ಹೊಂದುವ ಬಾಣ ಹಾಕಿದರೆ ನೆಟ್ಟಗೆ ಹೋಗುತ್ತದೆ. ಒಳ್ಳೆ ಬಿಲ್ಲಿಗೆ ಹೊಂದದ ಬಾಣ ಹಾಕಿದರೆ ಎಷ್ಟು ಟ್ಯೂನ್ ಮಾಡಿದರೂ ಬಾಲ ಅಲ್ಲಾಡಿಸಿಕೊಂಡೇ ಹೋಗುತ್ತದೆ.

ಆ 300, 400, 500 ಎಲ್ಲ ಸ್ಪೈನ್ ಸಂಖ್ಯೆಗಳು. ಅಂದರೆ ಬಾಣದ ಕಡ್ಡಿ ಎಷ್ಟು ಬಾಗುತ್ತದೆ ಅನ್ನುವ ಲೆಕ್ಕ. 28 ಇಂಚು ದೂರದಲ್ಲಿ ಎರಡು ಆಧಾರ ಇಟ್ಟು ಅದರ ಮೇಲೆ ಶಾಫ್ಟ್, ಅಂದರೆ ಆ ಕಡ್ಡಿಯನ್ನು, ಮಲಗಿಸುತ್ತಾರೆ. ನಡುವೆ 1.94 ಪೌಂಡ್ ತೂಕ ತೂಗುಹಾಕುತ್ತಾರೆ. ಅರ್ಧ ಇಂಚು ಬಾಗಿದರೆ ಅದು 500. 0.400 ಇಂಚು ಬಾಗಿದರೆ 400. ಹಾಗಾಗಿ ಸಂಖ್ಯೆ ಕಡಿಮೆ ಆದಷ್ಟೂ ಶಾಫ್ಟ್ ಗಟ್ಟಿ. ಹೊಸಬರು ಇಲ್ಲೇ ಉಲ್ಟಾ ತಿಳ್ಕೋತಾರೆ, ನೆನಪಿಡಿ.

ನಿಮ್ಮ 55 ಪೌಂಡ್, 28 ಇಂಚಿನ ಬಾಣ, 100 ಗ್ರೇನ್ ತುದಿಗೆ 400 ಸ್ಪೈನ್ ಹತ್ತಿರ ಬರಬೇಕು. ಆದರೂ ನನ್ನ ಮಾತಿಗೆ ಬಾಣ ತರಬೇಡಿ. ಪ್ರತಿ ಕಂಪನಿಯೂ ತನ್ನ ಬಾಣಕ್ಕೆ ಚಾರ್ಟ್ ಕೊಟ್ಟಿರುತ್ತದೆ. ನೀವು ತಗೊಳ್ಳುವ ಬಾಣದ್ದೇ ಚಾರ್ಟ್ ನೋಡಿ.

ವರ್ಕ್‌ಬೆಂಚ್

ಬತ್ತಳಿಕೆ ಸರ್ ಹೇಳಿದ್ದು ನಿಂತ ಬಾಣದ ಸ್ಪೈನ್. ಬಿಟ್ಟಾಗ ಬಾಣ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದಕ್ಕೆ ಇನ್ನೂ ಮೂರು ವಿಷಯ ಸೇರುತ್ತವೆ. ನಾನು ಬಿಲ್ಲು ರಿಪೇರಿ, ಟ್ಯೂನಿಂಗ್ ಕೆಲಸ ಮಾಡುವವನು, ದಿನಾ ನೋಡುವ ವಿಷಯ ಇದು.

ಬಾಣ ಉದ್ದ ಇದ್ದಷ್ಟೂ ಮೆತ್ತಗೆ ವರ್ತಿಸುತ್ತದೆ. ಅದೇ 400 ಶಾಫ್ಟನ್ನು 30 ಇಂಚಿಗೆ ಬಿಟ್ಟರೆ ಒಂದು ರೀತಿ, 27ಕ್ಕೆ ಕತ್ತರಿಸಿದರೆ ಬೇರೆ ರೀತಿ. ಮುಂದಿನ ತುದಿ ಭಾರ ಆದಷ್ಟೂ ಮೆತ್ತಗಾಗುತ್ತದೆ. ಬಿಲ್ಲಿನ ಪೌಂಡ್ ಏರಿಸಿದರೂ ಅಷ್ಟೇ. ಈಗ 55ಕ್ಕೆ 100 ಗ್ರೇನ್ ಹಾಕಿ 400 ತಗೊಂಡ್ರಿ ಅಂದುಕೊಳ್ಳಿ. ನಾಲ್ಕು ತಿಂಗಳಲ್ಲಿ ತೋಳಿಗೆ ಬಲ ಬಂತು ಅಂತ 60ಕ್ಕೆ ಏರಿಸ್ತೀರಿ, ಅದರ ಜೊತೆ 125 ಗ್ರೇನ್ ತುದಿಯನ್ನೂ ಹಾಕ್ತೀರಿ. ಆಗ ಅದೇ ಬಾಣ ನಿಮಗೆ ಮೆತ್ತಗಾಗಿಬಿಡುತ್ತದೆ.

ಅದಕ್ಕೇ ಮೊದಲು ನಿರ್ಧಾರ ಮಾಡಿ. ಸೀಸನ್‌ಗೆ ಹೋಗುವಾಗ ಬಿಲ್ಲು ಎಷ್ಟು ಪೌಂಡಿನಲ್ಲಿ ಇರುತ್ತದೆ? ಆ ಪೌಂಡಿಗೆ ಬಾಣ ತಗೊಳ್ಳಿ. ಎರಡು ಸ್ಪೈನ್ ನಡುವೆ ಸಿಕ್ಕಿಹಾಕಿಕೊಂಡರೆ, ಕಾಂಪೌಂಡ್ ಬಿಲ್ಲಿಗೆ, ರಿಲೀಸ್ (ಹೆದೆ ಬಿಡುವ ಟ್ರಿಗರ್ ಸಾಧನ) ಹಿಡಿದು ಬಿಡುವವರಿಗೆ, ಗಟ್ಟಿ ಕಡೆಗೆ ಹೋಗುವುದು ವಾಸಿ. ಸ್ವಲ್ಪ ಗಟ್ಟಿಯಾದ ಬಾಣವನ್ನು ಕಾಂಪೌಂಡ್ ತಾಳಿಕೊಳ್ಳುತ್ತದೆ. ಮೆತ್ತನೆ ಬಾಣಕ್ಕೆ ಬ್ರಾಡ್‌ಹೆಡ್ ಹಾಕಿದರೆ ಅದು ಎಲ್ಲೆಲ್ಲೋ ಹೋಗುತ್ತದೆ. ತೀರಾ ಮೆತ್ತಗಿದ್ದರೆ ಬಿಡುವಾಗಲೇ ಮುರಿಯುವ ಅಪಾಯವೂ ಇದೆ. ಮುರಿದ ಕಾರ್ಬನ್ ಚೂರು ಬಿಲ್ಲು ಹಿಡಿದ ಕೈಯೊಳಗೆ ಹೊಕ್ಕಿದ್ದನ್ನು ನೋಡಿದವರು ಈ ಮಾತನ್ನು ಹಗುರವಾಗಿ ತಗೊಳ್ಳಲ್ಲ.

ಹೊಸಹೆದೆ

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಇಷ್ಟು ದಿನ 500 ಅಂದರೆ 400ಕ್ಕಿಂತ ಗಟ್ಟಿ ಅಂದುಕೊಂಡಿದ್ದೆ! ಎಷ್ಟು ಉದ್ದಕ್ಕೆ ಕತ್ತರಿಸಬೇಕು? ಡ್ರಾ ಲೆಂಗ್ತ್ 28 ಅಂದ್ರೆ ಬಾಣವೂ 28 ಅಲ್ವಾ?

ವರ್ಕ್‌ಬೆಂಚ್

ಹಾಗೇನಿಲ್ಲ. ಡ್ರಾ ಲೆಂಗ್ತ್ ಬೇರೆ, ಬಾಣದ ಉದ್ದ ಬೇರೆ. ಬಾಣದ ಉದ್ದವನ್ನು ನಾಕ್‌ನ (ಹೆದೆಗೆ ಸಿಕ್ಕಿಸುವ ಹಿಂದಿನ ತುಂಡು) ಸೀಳಿನ ತಳದಿಂದ ಶಾಫ್ಟ್ ಮುಗಿಯುವವರೆಗೆ ಅಳೀತಾರೆ, ಮುಂದಿನ ತುದಿ ಲೆಕ್ಕಕ್ಕಿಲ್ಲ. ಒಂದು ಉದ್ದ ಬಾಣ ಹಾಕಿ ಪೂರ್ತಿ ಎಳೆದು ಹಿಡಿಯಿರಿ. ಪಕ್ಕದಲ್ಲಿ ಇನ್ನೊಬ್ಬರು ನಿಂತು, ರೆಸ್ಟ್‌ನಿಂದ ಮುಂದೆ ಒಂದು ಇಂಚು ಬಿಟ್ಟು ಗುರುತು ಹಾಕಲಿ. ಅದು ನಿಮ್ಮ ಉದ್ದ. ಎದುರಿಗೆ ಗುರಿ ಇಟ್ಟುಕೊಂಡೇ ಎಳೆಯಿರಿ, ಕೈ ಜಾರಿದರೂ ಬಾಣ ಅಲ್ಲಿಗೇ ಹೋಗಬೇಕು. ಹೊಸಬರು ಎಳೆಯುವ ರೀತಿ ಇನ್ನೂ ಒಂದು ಹಂತಕ್ಕೆ ಬಂದಿರುವುದಿಲ್ಲ, ಅದಕ್ಕೆ ಆ ಒಂದು ಇಂಚನ್ನು ಉಳಿಸಿಕೊಳ್ಳಿ. ಬ್ರಾಡ್‌ಹೆಡ್ ಬೆರಳ ಹತ್ತಿರ ಬರಲೇಬಾರದು.

ಮನೆಯಲ್ಲಿ ಹ್ಯಾಕ್ಸಾ ಹಿಡಿದು ಕಾರ್ಬನ್ ಕತ್ತರಿಸಬೇಡಿ, ಎಳೆ ಎಳೆಯಾಗಿ ಸೀಳುತ್ತದೆ. ತಿರುಗುವ ಸಾಣೆ ಬ್ಲೇಡಿನ ಬಾಣದ ಗರಗಸವೇ ಬೇಕು. ಆ ಕಪ್ಪು ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಹಾಕಿ. ಅಂಗಡಿಯಲ್ಲೇ ಕತ್ತರಿಸಿ ಇನ್ಸರ್ಟ್ (ಮುಂದಿನ ತುದಿ ಕೂರಿಸುವ ಒಳತುಂಡು) ಅಂಟಿಸಿ ಕೊಡ್ತಾರೆ. ಮೊದಲ ಸಲ ಹಾಗೇ ಮಾಡಿಸಿ.

ಗುರಿಗಾರ

ನಾನು ಟಾರ್ಗೆಟ್ ಬಿಲ್ಲುಗಾರ, ಬೇಟೆ ಆಡುವವನಲ್ಲ. ಆದರೂ ತೂಕದ ಬಗ್ಗೆ ಒಂದು ಮಾತು. ಹಗುರ ಬಾಣದ ವೇಗಕ್ಕೆ ಮನಸೋಲಬೇಡಿ. ಎಳೆಯುವ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ಬಾಣದ ತೂಕ ಇರಬೇಕು ಅನ್ನುವುದು ಕಾಂಪೌಂಡ್‌ಗೆ ಸಾಮಾನ್ಯ ಕೆಳಮಿತಿ. 55 ಪೌಂಡಿಗೆ 275 ಗ್ರೇನ್. ಅದಕ್ಕಿಂತ ಕೆಳಗೆ ಇಳಿದರೆ ಬಾಣ ಹೊತ್ತೊಯ್ಯದ ಶಕ್ತಿಯೆಲ್ಲ ಬಿಲ್ಲಿನೊಳಗೇ ಉಳಿದು ಲಿಂಬ್ (ಬಿಲ್ಲಿನ ತೋಳು), ಕ್ಯಾಮ್ (ರಾಟೆ), ಹೆದೆ ಎಲ್ಲಕ್ಕೂ ಪೆಟ್ಟು. ಬಾಣವೇ ಇಲ್ಲದೆ ಹೆದೆ ಬಿಟ್ಟರೆ ಇನ್ನೂ ಕೆಟ್ಟದ್ದು. ಸ್ನೇಹಿತರು "ಸುಮ್ನೆ ಒಂದ್ಸಲ ಎಳೆದು ನೋಡ್ತೀನಿ ಕೊಡು" ಅಂದರೆ ಖಾಲಿ ಬಿಲ್ಲು ಕೊಡಲೇಬೇಡಿ.

ಬತ್ತಳಿಕೆ

ಗುರಿಗಾರರು ಹೇಳಿದ 5 ಗ್ರೇನ್ ಬಿಲ್ಲು ಉಳಿಯುವ ಮಿತಿ. ಬೇಟೆಗೆ ಅದು ಸಾಲದು. ನನ್ನ ಪ್ರಕಾರ ಪೌಂಡಿಗೆ 7 ಗ್ರೇನ್ ಆಸುಪಾಸು ಹೊಸಬರಿಗೆ ಹದ. ಲೆಕ್ಕ ಹಾಕಿ ತೋರಿಸ್ತೀನಿ.

400 ಸ್ಪೈನ್ ಶಾಫ್ಟ್ ಇಂಚಿಗೆ 8.5 ಗ್ರೇನ್ ತೂಗುತ್ತದೆ ಅಂದುಕೊಳ್ಳಿ. 28 ಇಂಚಿಗೆ 238. ಅಲ್ಯೂಮಿನಿಯಂ ಇನ್ಸರ್ಟ್ 20, ನಾಕ್ 10, ಎರಡು ಇಂಚಿನ ಮೂರು ವೇನ್‌ಗೆ (ಬಾಲದ ಪ್ಲಾಸ್ಟಿಕ್ ರೆಕ್ಕೆ) 18, ತುದಿ 100. ಒಟ್ಟು 386 ಗ್ರೇನ್. 55ರಿಂದ ಭಾಗಿಸಿದರೆ ಪೌಂಡಿಗೆ 7. ಏನೂ ವಿಶೇಷ ಖರೀದಿ ಇಲ್ಲದೆ ಸಾಮಾನ್ಯ ಬಾಣವೇ ಅಲ್ಲಿಗೆ ಬಂತು ನೋಡಿ.

ಈ ಬಾಣ ಸೆಕೆಂಡಿಗೆ 245 ಅಡಿ ಹೋಯಿತು ಅಂದುಕೊಳ್ಳೋಣ. ವೇಗದ ವರ್ಗವನ್ನು ತೂಕದಿಂದ ಗುಣಿಸಿ 450240ರಿಂದ ಭಾಗಿಸಿದರೆ ಸುಮಾರು 51 ಅಡಿ-ಪೌಂಡ್ ಶಕ್ತಿ. ಈಸ್ಟನ್ ಕಂಪನಿಯ ಹಳೇ ಚಾರ್ಟ್ ಜಿಂಕೆ ಗಾತ್ರಕ್ಕೆ 25ರಿಂದ 41 ಸಾಕು ಅನ್ನುತ್ತದೆ. ನಿಮ್ಮ ಹತ್ತಿರ ಬೇಕಾದಷ್ಟಿದೆ. ಹಾಗಾಗಿ ವೇಗದ ಹಿಂದೆ ಓಡುವ ಅಗತ್ಯವೇ ಇಲ್ಲ. ಭಾರದ ಬಾಣ ಬಿಲ್ಲಿನ ಸದ್ದನ್ನೂ ತಗ್ಗಿಸುತ್ತದೆ, ಅದು ದೊಡ್ಡ ಲಾಭ.

ಸದ್ದು ಯಾಕೆ ಮುಖ್ಯ ಅಂದರೆ, 30 ಗಜ ಅಂದರೆ 90 ಅಡಿ. ನಿಮ್ಮ ಬಾಣಕ್ಕೆ ಅಲ್ಲಿ ತಲುಪಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಸದ್ದು ಸೆಕೆಂಡಿಗೆ 1100 ಅಡಿಗೂ ಮೇಲೆ ಓಡುತ್ತದೆ. ಅಂದರೆ ಬಾಣಕ್ಕಿಂತ ಎಷ್ಟೋ ಮೊದಲೇ ಪ್ರಾಣಿಗೆ ಕೇಳಿಸುತ್ತದೆ. ಬೆಚ್ಚಿದ ಜಿಂಕೆ ಹಾರಲು ಮೈ ಕುಗ್ಗಿಸುತ್ತದೆ, ಎದೆಗೆ ಇಟ್ಟ ಗುರಿ ಬೆನ್ನಿಗೆ ಬೀಳುತ್ತದೆ. ಬಾಣದ ವೇಗವನ್ನು ಸೆಕೆಂಡಿಗೆ 20 ಅಡಿ ಹೆಚ್ಚಿಸಿದರೆ ಇದು ಸರಿ ಹೋಗಲ್ಲ. ಹತ್ತಿರದಿಂದ ಬಿಡಬೇಕು, ಸದ್ದು ಕಡಿಮೆ ಇರಬೇಕು. 25 ಗಜ ಅಂತ ನೀವು ಹಾಕಿಕೊಂಡ ಮಿತಿ ತುಂಬಾ ಒಳ್ಳೆಯದು. ಬಿಡಬೇಡಿ ಅದನ್ನು.

ಕಾಡಂಚು

ನಾನು 42 ಪೌಂಡ್ ಎಳೆಯುವವಳು. ಡ್ರಾ ಲೆಂಗ್ತ್ 26. ನನ್ನಂಥವರಿಗೆ ಈ ಲೆಕ್ಕ ಇನ್ನೂ ಬಿಗಿ. ಓದುತ್ತಿರುವ ಬೇರೆ ಹೆಂಗಸರಿಗೂ, ಚಿಕ್ಕವರಿಗೂ ಉಪಯೋಗ ಆಗಲಿ ಅಂತ ಬರೀತಿದ್ದೇನೆ.

ಪೌಂಡ್ ಕಡಿಮೆ ಇದ್ದಾಗ ಮೆಕ್ಯಾನಿಕಲ್ ಬ್ರಾಡ್‌ಹೆಡ್ ಹತ್ತಿರ ಹೋಗಬೇಡಿ. ಅದು ಪ್ರಾಣಿಗೆ ತಗಲಿದಾಗ ರೆಕ್ಕೆ ಬಿಚ್ಚುತ್ತದೆ. ಬಿಚ್ಚಲು ಬಾಣದ ಶಕ್ತಿಯನ್ನೇ ತಿನ್ನುತ್ತದೆ. ಅಗಲ ಗಾಯ ಮಾಡುತ್ತದೆ ನಿಜ, ಆದರೆ ಆಚೆ ಬದಿಗೆ ಹೊರಬರದೆ ಉಳಿಯಬಹುದು. ನಾನು ಬಳಸುವುದು ಎರಡು ಬ್ಲೇಡಿನ, ಸ್ಥಿರವಾದ, ಕಿರಿದಾದ ಬ್ರಾಡ್‌ಹೆಡ್. ಚೂಪು ಇದ್ದರೆ ಸಲೀಸಾಗಿ ಹಾದುಹೋಗುತ್ತದೆ. ಎರಡೂ ಕಡೆ ತೂತು ಆದರೆ ರಕ್ತದ ಜಾಡು ಸಿಗುತ್ತದೆ, ಪ್ರಾಣಿ ಬೇಗ ಸಿಗುತ್ತದೆ.

ಚೂಪಿನ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಹೇಳ್ತೀನಿ. ಡಬ್ಬಿಯಿಂದ ತೆಗೆದ ಹೊಸ ಬ್ಲೇಡ್ ಕೂಡ ಕೆಲವೊಮ್ಮೆ ಮೊಂಡಾಗಿರುತ್ತದೆ. ಒಂದು ರಬ್ಬರ್ ಬ್ಯಾಂಡನ್ನು ಸ್ವಲ್ಪ ಎಳೆದು ಕಟ್ಟಿ, ಬ್ಲೇಡಿನ ಅಂಚನ್ನು ಅದರ ಮೇಲೆ ಮೆಲ್ಲಗೆ ತಾಗಿಸಿ. ಒತ್ತಬೇಡಿ. ತಾಗಿದ ಕೂಡಲೇ ಪಟ್ ಅಂತ ತುಂಡಾಗಬೇಕು. ರಬ್ಬರ್ ತಗ್ಗಿ, ಹಿಗ್ಗಿ, ಆಮೇಲೆ ತುಂಡಾದರೆ ಆ ಬ್ಲೇಡ್ ಬೇಟೆಗೆ ತಯಾರಿಲ್ಲ. ಒಳಗಿನ ರಕ್ತನಾಳಗಳೂ ಹಾಗೇ, ಮೊಂಡು ಅಂಚಿಗೆ ಪಕ್ಕಕ್ಕೆ ಸರಿದುಬಿಡುತ್ತವೆ. ಪ್ರಾಣಿ ನರಳಬಾರದು ಅನ್ನುವವರು ಮೊದಲು ನೋಡಬೇಕಾದ್ದು ಇದನ್ನ.

ಹೊಸಹೆದೆ

ಕಾಡಂಚು ಅಕ್ಕ, ಇದು ನನಗೆ ಯಾರೂ ಹೇಳಿರಲಿಲ್ಲ. ನನ್ನ 55ಕ್ಕೆ ಮೆಕ್ಯಾನಿಕಲ್ ಆಗಬಹುದಾ? ಅವು ಫೀಲ್ಡ್ ಪಾಯಿಂಟ್ (ಅಭ್ಯಾಸಕ್ಕೆ ಹಾಕುವ ಬ್ಲೇಡಿಲ್ಲದ ತುದಿ) ಥರಾನೇ ಹಾರುತ್ತವೆ ಅಂತಾರಲ್ಲ.

ಕಾಡಂಚು

ಆಗಬಹುದು, ಆದರೆ ಮೊದಲ ವರ್ಷ ಬೇಡ ಅನ್ನೋದು ನನ್ನ ಅಭಿಪ್ರಾಯ. ಸ್ಥಿರ ಬ್ರಾಡ್‌ಹೆಡ್ ನಿಮ್ಮ ಬಿಲ್ಲಿನ ತಪ್ಪನ್ನು ಮುಚ್ಚಿಡಲ್ಲ. ಟ್ಯೂನ್ ಸರಿ ಇಲ್ಲದಿದ್ದರೆ ಬಾಣ ಪಕ್ಕಕ್ಕೆ ಹೋಗಿ ಹೇಳಿಬಿಡುತ್ತದೆ. ಮೆಕ್ಯಾನಿಕಲ್ ಹಾಕಿದರೆ ಅದು ಗೊತ್ತೇ ಆಗದಿರಬಹುದು. ಕಲಿಯುವವರಿಗೆ ತಪ್ಪು ತೋರಿಸುವುದೇ ಒಳ್ಳೆಯದು.

ಇನ್ನೊಂದು. ನೀವಿರುವ ಕಡೆ ನಿಯಮ ಏನಿದೆ ನೋಡಿ. ಕೆಲವು ಕಡೆ ಮೆಕ್ಯಾನಿಕಲ್‌ಗೆ ಅನುಮತಿ ಇಲ್ಲ. ಕೆಲವು ಕಡೆ ಬ್ಲೇಡಿನ ಅಗಲ 7/8 ಇಂಚಾದರೂ ಇರಬೇಕು ಅಂತಿದೆ, ಬಿಲ್ಲು ಎಳೆಯುವ ಭಾರ ಕನಿಷ್ಠ ಇಷ್ಟಿರಬೇಕು ಅಂತಲೂ ಇದೆ. ಬೆಳಗುವ ನಾಕ್‌ಗೂ ಒಂದೊಂದು ಕಡೆ ಒಂದೊಂದು ನಿಯಮ. ಓದಿದ ಮೇಲೇ ಖರೀದಿ.

ಮರದಬಿಲ್ಲು

ಕಾಂಪೌಂಡ್ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಸಿಕ್ಕಿದ್ದು. ಅದಕ್ಕೂ ಮೊದಲು ಸಾವಿರಾರು ವರ್ಷ ಜನ ರಾಟೆ ಇಲ್ಲದ ಬಿಲ್ಲಲ್ಲೇ ಬೇಟೆ ಆಡಿದ್ದಾರೆ. ನಾನು ರಿಕರ್ವ್ (ರಾಟೆ ಇಲ್ಲದ, ತುದಿ ಮುಂದಕ್ಕೆ ಬಾಗಿದ ಬಿಲ್ಲು) ಹಿಡಿಯುವವನು, ಹಾಗಾಗಿ ಈ ಚರ್ಚೆಯಲ್ಲಿ ನನ್ನದು ಎರಡೇ ಮಾತು. ಒಂದು, ಮರದ ಬಾಣ ಚೆಂದ ಅಂತ ಕಾಂಪೌಂಡ್‌ಗೆ ಹಾಕಲೇಬೇಡಿ. ಆ ಹೊಡೆತಕ್ಕೆ ಸಿಡಿದುಹೋಗಬಹುದು. ಎರಡು, ರಿಕರ್ವ್ ಹಿಡಿಯುವ ಹೊಸಬರು ಇಲ್ಲಿ ಓದುತ್ತಿದ್ದರೆ ಮೇಲಿನ ಸ್ಪೈನ್ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಬೆರಳಿನಿಂದ ಬಿಟ್ಟ ಬಾಣ ಬಿಲ್ಲಿನ ಪಕ್ಕ ಬಳುಕಿಕೊಂಡು ಹೋಗಬೇಕು. ನಮಗೆ ತೀರಾ ಗಟ್ಟಿ ಬಾಣವೂ ತೊಂದರೆಯೇ. ರೆಸ್ಟ್ ಇಲ್ಲದೆ ಬಿಲ್ಲಿನ ಶೆಲ್ಫ್ (ಹಿಡಿಯ ಮೇಲಿನ ಅಂಚು) ಮೇಲಿಂದಲೇ ಬಿಡುವವರಿಗೆ ಪ್ಲಾಸ್ಟಿಕ್ ವೇನ್ ಬೇಡ, ಗರಿ ಬೇಕು. ಗರಿ ತಗ್ಗುತ್ತದೆ, ವೇನ್ ಬಡಿದು ಬಾಣವನ್ನು ತಳ್ಳುತ್ತದೆ.

ಗುರಿಗಾರ

ವೇನ್ ವಿಷಯ ಬಂತಲ್ಲ. ಹೊಸಹೆದೆ, ಬೇಟೆ ಬಾಣಕ್ಕೆ ವೇನ್ ಅನ್ನು ನೇರವಾಗಿ ಅಂಟಿಸಿದ್ದು ತಗೋಬೇಡಿ. ಸ್ವಲ್ಪ ಓರೆ ಅಥವಾ ಸುರುಳಿಯಾಗಿ ಅಂಟಿಸಿರಬೇಕು. ಬಾಣ ತಿರುಗಿಕೊಂಡು ಹೋದರೆ ಬ್ರಾಡ್‌ಹೆಡ್‌ನ ರೆಕ್ಕೆ ಗಾಳಿ ಹಿಡಿದು ಎಳೆಯುವುದನ್ನು ಹಿಂದಿನ ವೇನ್ ತಡೆಯುತ್ತದೆ. ಎರಡು ಇಂಚಿನ ಎತ್ತರದ ವೇನ್ ಮೂರು ಸಾಕು. ನಾಲ್ಕು ಹಾಕಿದರೂ ತಪ್ಪಿಲ್ಲ.

ವರ್ಕ್‌ಬೆಂಚ್

ಎಫ್‌ಒಸಿ ಅಂತ ಯಾರಾದರೂ ತಲೆ ತಿನ್ನುವ ಮೊದಲೇ ಹೇಳ್ತೀನಿ. ಬಾಣದ ತೂಕ ಮುಂದಕ್ಕೆ ಎಷ್ಟು ವಾಲಿದೆ ಅನ್ನುವ ಅಳತೆ ಅದು. ಬಾಣವನ್ನು ಬೆರಳ ಮೇಲೆ ತೂಗಿ. ಎಲ್ಲಿ ಸಮ ನಿಲ್ಲುತ್ತದೋ ಅಲ್ಲಿಗೆ ನಾಕ್‌ನಿಂದ ಅಳೆಯಿರಿ. 28 ಇಂಚಿನ ಬಾಣ 17.5ರಲ್ಲಿ ನಿಂತರೆ, ಅರ್ಧ ಅಂದರೆ 14 ಕಳೆಯಿರಿ, ಉಳಿದದ್ದು 3.5. ಅದನ್ನು 28ರಿಂದ ಭಾಗಿಸಿದರೆ ಶೇ. 12.5. ಶೇ. 10ರಿಂದ 15ರ ನಡುವೆ ಇದ್ದರೆ ಸಾಕು, ಮುಂದಿನ ಕೆಲಸಕ್ಕೆ ಹೋಗಿ. ಬೆಳಗುವ ನಾಕ್ ಹಾಕಿದರೆ ಹಿಂದೆ ತೂಕ ಸೇರಿ ಇದು ಸ್ವಲ್ಪ ಇಳಿಯುತ್ತದೆ, ಅಷ್ಟು ಗೊತ್ತಿರಲಿ.

ಶಾಫ್ಟಿನ ನೇರತನಕ್ಕೆ 0.006, 0.003, 0.001 ಇಂಚು ಅಂತ ದರ್ಜೆ ಇರುತ್ತವೆ. 25 ಗಜಕ್ಕೆ 0.003 ಬೇಕಾದಷ್ಟಾಯಿತು. 0.006 ಇದ್ದರೂ ಅಭ್ಯಾಸಕ್ಕೆ ಧಾರಾಳವಾಗಿ ನಡೆಯುತ್ತದೆ. 0.001ಕ್ಕೆ ಹಾಕುವ ದುಡ್ಡಿನಲ್ಲಿ ಇನ್ನಷ್ಟು ಬಾಣ ತಗೊಳ್ಳಿ. ಆರು ಬಾಣಕ್ಕಿಂತ ಕಡಿಮೆ ತರಬೇಡಿ. ಡಜನ್ ಆದರೆ ಒಳ್ಳೆಯದು. ಎಲ್ಲವೂ ಒಂದೇ ಶಾಫ್ಟ್, ಒಂದೇ ಉದ್ದ, ಒಂದೇ ತುದಿ. ಪ್ರತಿ ಬಾಣಕ್ಕೂ ನಂಬರ್ ಬರೆಯಿರಿ. ಯಾವಾಗಲೂ 4ನೇ ನಂಬರ್ ಎಡಕ್ಕೇ ಹೋಗುತ್ತಿದ್ದರೆ ತಪ್ಪು ನಿಮ್ಮದಲ್ಲ, ಬಾಣದ್ದು. ನಾಕ್ ತಿರುಗಿಸಿ ನೋಡಿ, ಸರಿ ಹೋಗದಿದ್ದರೆ ಅದನ್ನು ಬತ್ತಳಿಕೆಯಿಂದ ತೆಗೆದುಬಿಡಿ.

ಹೊಸಹೆದೆ

ಸರಿ ಸರ್. 400 ಸ್ಪೈನ್, 0.003, ಡಜನ್, 100 ಗ್ರೇನ್ ಫೀಲ್ಡ್ ಪಾಯಿಂಟ್ ಅಂತ ಬರೆದುಕೊಂಡೆ. ಪ್ಯಾಕೇಜಿನ ಜೊತೆ ಬಂದ ಸಾಮಾನುಗಳ ಕಥೆ ಏನು? ರೆಸ್ಟ್ ವಿಸ್ಕರ್ ಬಿಸ್ಕಿಟ್ ಇದೆ. ಡ್ರಾಪ್-ಅವೇ (ಬಾಣ ಬಿಟ್ಟಾಗ ತಾನೇ ಕೆಳಗೆ ಬೀಳುವ ರೆಸ್ಟ್) ಹಾಕಿಸು ಅಂತ ಕೆಲವರು ಹೇಳ್ತಿದ್ದಾರೆ. ಸೈಟ್ ಮೂರು ಪಿನ್ನಿನದು.

ಬತ್ತಳಿಕೆ

ಬಿಸ್ಕಿಟ್ ರೆಸ್ಟ್ ಇರಲಿ. ಸುತ್ತ ಬಿರುಗೂದಲು ಬಾಣವನ್ನು ಹಿಡಿದುಕೊಂಡಿರುತ್ತದೆ. ಬಗ್ಗಿದರೂ, ಕೂತರೂ, ನಡುಗುವ ಕೈಯಲ್ಲಿ ಎಳೆದರೂ ಬಾಣ ಕೆಳಗೆ ಬೀಳಲ್ಲ. ಕೆಟ್ಟುಹೋಗುವಂಥ ಚಲಿಸುವ ಭಾಗವೂ ಇಲ್ಲ. ವೇನ್ ಬೇಗ ಸವೆಯುತ್ತದೆ, ಅದೊಂದೇ ಕೊರತೆ. ಡ್ರಾಪ್-ಅವೇ ಒಳ್ಳೆಯದೇ, ಆದರೆ ಬೀಳುವ ಟೈಮಿಂಗ್ ಸರಿ ಇರಬೇಕು, ದಾರ ಬಿಗಿಯಾಗಿರಬೇಕು. ಎರಡನೇ ವರ್ಷ ನೋಡಿಕೊಳ್ಳಿ.

ಮೂರು ಪಿನ್ ಸೈಟ್ ನಿಮ್ಮ ದೂರಕ್ಕೆ ಸರಿಯಾಗಿದೆ. 20, 30, 40ಕ್ಕೆ ಹೊಂದಿಸಿ. ಮೂರನೆಯದು ಅಭ್ಯಾಸಕ್ಕೆ ಮಾತ್ರ, ಕಾಡಿನಲ್ಲಿ ಅಲ್ಲ. ಬಾಣ ಎಡಕ್ಕೆ ಬಿದ್ದರೆ ಪಿನ್ ಎಡಕ್ಕೆ, ಕೆಳಗೆ ಬಿದ್ದರೆ ಪಿನ್ ಕೆಳಕ್ಕೆ. ಬಾಣ ಹೋದ ಕಡೆಗೇ ಪಿನ್ ಸರಿಸಬೇಕು. ಆದರೆ ಒಂದು ಬಾಣ ನೋಡಿ ಪಿನ್ ಮುಟ್ಟಬೇಡಿ. ಬಾಣಗಳು ಒಂದೆಡೆ ಗುಂಪಾಗಿ ಬೀಳಲಿ, ಆಮೇಲೆ.

ನಾನು ಬದಲಿಸು ಅನ್ನುವುದು ರಿಲೀಸ್ ಒಂದನ್ನೇ, ಪ್ಯಾಕೇಜಿನಲ್ಲಿ ಬಂದಿದ್ದರೆ. ಅಗ್ಗದ ರಿಲೀಸ್‌ಗಳ ಟ್ರಿಗರ್ ಒಮ್ಮೆ ಹಗುರ, ಒಮ್ಮೆ ಬಿಗಿ. ಮಣಿಕಟ್ಟಿಗೆ ಬಕಲ್ ಹಾಕುವಂಥದ್ದು, ಉದ್ದ ಹೊಂದಿಸಲು ಆಗುವಂಥದ್ದು ತಗೊಳ್ಳಿ. ಟ್ರಿಗರ್ ಬೆರಳ ತುದಿಗೆ ಸಿಗಬಾರದು, ಬೆರಳು ಅದರ ಸುತ್ತ ಆರಾಮಾಗಿ ಮಡಚಿಕೊಳ್ಳಬೇಕು. ಬೆರಳ ತುದಿಯಿಂದ ಟಕ್ ಅಂತ ಒತ್ತುವ ಅಭ್ಯಾಸ ಬಂದರೆ ಬಿಡಿಸುವುದು ಬಲು ಕಷ್ಟ. ಬೆನ್ನಿನ ಸ್ನಾಯು ಎಳೆಯುತ್ತಾ ಇರುವಾಗ ಬಾಣ ತಾನಾಗಿ ಬಿಟ್ಟಂತೆ ಆಗಬೇಕು.

ವರ್ಕ್‌ಬೆಂಚ್

ಪೀಪ್ ನೋಡಿ. ಹೆದೆಯ ಎಳೆಗಳ ನಡುವೆ ಕೂತಿರುವ ಆ ಪುಟ್ಟ ಉಂಗುರದ ಮೇಲೆ ಕೆಳಗೆ ದಾರ ಸುತ್ತಿ ಬಿಗಿದಿರಬೇಕು. ಸುಮ್ನೆ ಸಿಕ್ಕಿಸಿದ್ದರೆ ಒಂದು ದಿನ ಹಾರಿ ಬರುತ್ತದೆ, ನಿಮ್ಮ ಕಣ್ಣು ಅದರ ಹಿಂದೆಯೇ ಇರುತ್ತದೆ. ಬೇಟೆಗೆ ತೂತು ದೊಡ್ಡದಿರಲಿ, 3/16 ಅಥವಾ 1/4 ಇಂಚು. ಮುಂಜಾನೆ ಮತ್ತು ಮುಸ್ಸಂಜೆ ಬೆಳಕಿನಲ್ಲಿ ಸಣ್ಣ ತೂತಿನ ಒಳಗೆ ಏನೂ ಕಾಣಲ್ಲ.

ಮಿಕ್ಕ ಸಾಮಾನು ಬೇಗ ಹೇಳಿಬಿಡ್ತೀನಿ. ಹೆದೆಗೆ ಮೇಣ ಬೇಕು, ಹೆಕ್ಸ್ ಕೀ ಸೆಟ್ ಬೇಕು. ಬ್ರಾಡ್‌ಹೆಡ್ ಬಿಗಿಯುವ ಪುಟ್ಟ ಸ್ಪ್ಯಾನರ್ ಬೇಕೇ ಬೇಕು, ಬರಿಗೈಯಲ್ಲಿ ಬಿಗಿದವರ ಬೆರಳು ಹೊಲಿಗೆ ಹಾಕಿಸಿಕೊಂಡಿದೆ. ಬತ್ತಳಿಕೆಯ ತಲೆಭಾಗ ಬ್ಲೇಡುಗಳನ್ನು ಪೂರ್ತಿ ಮುಚ್ಚುವಂತಿರಬೇಕು. ದಪ್ಪ ಜಾಕೆಟ್ ಹಾಕುವ ಹವೆ ಇದ್ದರೆ ತೋಳುಕಟ್ಟು ಬೇಕು, ಇಲ್ಲದಿದ್ದರೆ ಹೆದೆ ತೋಳಿನ ಬಟ್ಟೆಗೆ ತಗಲಿ ಬಾಣ ದಾರಿ ತಪ್ಪುತ್ತದೆ. ದೂರ ಅಳೆಯುವ ರೇಂಜ್‌ಫೈಂಡರ್ ದುಡ್ಡಿದ್ದರೆ ಖಂಡಿತ ತಗೊಳ್ಳಿ, ಇಳಿಜಾರಿನ ಲೆಕ್ಕ ಕೊಡುವಂಥದ್ದು. ಉದ್ದನೆ ಸ್ಟೆಬಿಲೈಜರ್, ಬಣ್ಣದ ಸ್ಟ್ರಿಂಗ್ ಸೈಲೆನ್ಸರ್, ಇವೆಲ್ಲ ಇಲ್ಲದಿದ್ದರೂ ನಡೆಯುತ್ತದೆ.

ಗುರಿ ಬ್ಲಾಕ್ ಕೊಳ್ಳುವಾಗ ಒಂದು ವಿಷಯ. ಚೀಲದ ಥರದ ಗುರಿಗೆ ಫೀಲ್ಡ್ ಪಾಯಿಂಟ್ ಮಾತ್ರ. ಬ್ರಾಡ್‌ಹೆಡ್ ಬಿಟ್ಟರೆ ಚೀಲ ಹರಿದುಹೋಗುತ್ತದೆ, ಬಾಣವೂ ಈಚೆ ಬರಲ್ಲ. ಫೋಮ್ ಬ್ಲಾಕ್ ಆದರೆ ಎರಡಕ್ಕೂ ಆಗುತ್ತದೆ.

ಕಾಡಂಚು

ಮರದ ಮೇಲೆ ಕೂತು ಬೇಟೆ ಆಡುವ ಯೋಚನೆ ಇದ್ದರೆ ಪೂರ್ತಿ ಮೈಗೆ ಹಾಕುವ ಹಾರ್ನೆಸ್ ಎಲ್ಲಕ್ಕಿಂತ ಮೊದಲು ಕೊಳ್ಳಿ. ಹತ್ತಲು ಶುರು ಮಾಡುವಾಗಿನಿಂದ ಇಳಿದು ನೆಲ ಮುಟ್ಟುವವರೆಗೂ ಹಗ್ಗಕ್ಕೆ ಸಿಕ್ಕಿಸಿಕೊಂಡೇ ಇರಬೇಕು. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತಬೇಡಿ. ಮೇಲೆ ಕೂತ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ.

ಜೊತೆಗೆ ಒಂದು ಪರೀಕ್ಷೆ. ಕುರ್ಚಿಯ ಮೇಲೆ ಕೂತು, ಬಿಲ್ಲನ್ನು ಆಕಾಶಕ್ಕೆ ಎತ್ತದೆ, ಗುರಿಗೆ ನೇರ ಹಿಡಿದು ಮೆಲ್ಲಗೆ ಎಳೆಯಲು ಆಗುತ್ತಾ ನೋಡಿ. ಆಗದಿದ್ದರೆ 55 ನಿಮಗೆ ಜಾಸ್ತಿ. 50ಕ್ಕೆ ಇಳಿಸಿ. ಅದರಲ್ಲಿ ಅವಮಾನ ಏನಿಲ್ಲ. ಚಳಿಯಲ್ಲಿ ಗಂಟೆಗಟ್ಟಲೆ ಕೂತು ಮೈ ಮರಗಟ್ಟಿದಾಗ ಎಳೆಯಬೇಕಾಗಿರುವುದು.

ಹೊಸಹೆದೆ

ಎಲ್ಲರಿಗೂ ಮತ್ತೆ ನಮಸ್ಕಾರ. ಬಾಣ ಬಂದಿವೆ. ಕುರ್ಚಿ ಪರೀಕ್ಷೆ ಮಾಡಿದೆ ಅಕ್ಕ, 55 ಎಳೆಯಲು ಆಗುತ್ತದೆ. 20 ಗಜದಲ್ಲಿ ಬಾಣಗಳು ಅಂಗೈ ಅಗಲದಲ್ಲಿ ಬೀಳುತ್ತಿವೆ. ನಿನ್ನೆ ಒಂದು ಬಾಣ ಗುರಿಯ ಮರದ ಚೌಕಟ್ಟಿಗೆ ಬಡಿಯಿತು. ಹೊರಗೆ ಏನೂ ಕಾಣುತ್ತಿಲ್ಲ. ಬಳಸಬಹುದಾ?

ವರ್ಕ್‌ಬೆಂಚ್

ನೋಡದೆ ಬಳಸಬೇಡಿ. ಅಲ್ಯೂಮಿನಿಯಂ ಆಗಿದ್ದರೆ ಬಾಗಿ ತೋರಿಸುತ್ತಿತ್ತು. ಕಾರ್ಬನ್ ಹೊರಗೆ ನೆಟ್ಟಗಿದ್ದು ಒಳಗೆ ಸೀಳಿರಬಹುದು.

ಎರಡೂ ತುದಿ ಹಿಡಿದು, ಮುಖದಿಂದ ದೂರ ಇಟ್ಟು, ಬಿಲ್ಲಿನಂತೆ ಮೆಲ್ಲಗೆ ಬಾಗಿಸಿ. ಕಿವಿಗೊಟ್ಟು ಕೇಳಿ. ಚಿಟಿಚಿಟಿ ಸದ್ದು ಬಂದರೆ ಮುಗಿಯಿತು. ಬರದಿದ್ದರೆ ಸ್ವಲ್ಪ ತಿರುಗಿಸಿ ಮತ್ತೆ ಬಾಗಿಸಿ, ಹೀಗೆ ಒಂದು ಸುತ್ತು. ಆಮೇಲೆ ಎರಡು ಕೈಯಲ್ಲಿ ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುಚಿ ನೋಡಿ. ಕೊನೆಗೆ ಒಂದು ಹತ್ತಿ ಉಂಡೆಯನ್ನು ಉದ್ದಕ್ಕೂ ಸವರಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ ಅಂತ ಅರ್ಥ. ಅಂಥ ಬಾಣವನ್ನು ಮೂಲೆಯಲ್ಲಿ ಇಡಬೇಡಿ, ಮುರಿದು ಎಸೆಯಿರಿ. ಇಟ್ಟರೆ ಯಾರಾದರೂ ಎತ್ತಿಕೊಂಡು ಬಿಡುತ್ತಾರೆ. ನಾಕ್‌ನಲ್ಲಿ ಬಿರುಕು ಇದೆಯಾ ಅಂತಲೂ ನೋಡಿ. ಬಿರಿದ ನಾಕ್ ಹೆದೆಯಿಂದ ಜಾರಿದರೆ ಅದು ಖಾಲಿ ಬಿಲ್ಲು ಬಿಟ್ಟಂತೆಯೇ.

ಹೊಸಹೆದೆ

ತಿರುಚಿದಾಗ ಸಣ್ಣ ಸದ್ದು ಬಂತು. ಮುರಿದು ಎಸೆದೆ. ಥ್ಯಾಂಕ್ಸ್ ಸರ್.

100 ಗ್ರೇನಿನ ಸ್ಥಿರ ಬ್ರಾಡ್‌ಹೆಡ್ ತಂದಿದ್ದೇನೆ. ಅವು ಫೀಲ್ಡ್ ಪಾಯಿಂಟ್‌ಗಿಂತ ಮೂರು ಇಂಚು ಕೆಳಗೆ ಬೀಳುತ್ತಿವೆ. ಸೈಟ್ ಬದಲಿಸಿಬಿಡಲಾ?

ಬತ್ತಳಿಕೆ

ಸೈಟ್ ಮುಟ್ಟಬೇಡಿ. ಮೊದಲು ಬ್ರಾಡ್‌ಹೆಡ್ ನೆಟ್ಟಗೆ ಕೂತಿದೆಯಾ ನೋಡಿ. ನಯವಾದ, ಗಟ್ಟಿ ಮೇಲ್ಮೈ ಮೇಲೆ ತುದಿ ಊರಿ, ಬಾಣವನ್ನು ಬೆರಳುಗಳ ನಡುವೆ ಬುಗುರಿಯಂತೆ ತಿರುಗಿಸಿ. ಬ್ರಾಡ್‌ಹೆಡ್ ಮತ್ತು ಶಾಫ್ಟ್ ಸೇರುವ ಜಾಗವನ್ನೇ ದಿಟ್ಟಿಸಿ. ಅಲ್ಲಿ ಅಲುಗಾಟ ಕಂಡರೆ, ಬೆರಳಿಗೆ ಗಡಗಡ ಅನ್ನಿಸಿದರೆ, ಆ ಜೋಡಿ ಸರಿಯಿಲ್ಲ. ಬ್ರಾಡ್‌ಹೆಡ್ ಬಿಚ್ಚಿ ಬೇರೆ ಬಾಣಕ್ಕೆ ಹಾಕಿ ನೋಡಿ.

ಎಲ್ಲವೂ ನೆಟ್ಟಗಿದ್ದೂ ಕೆಳಗೇ ಬೀಳುತ್ತಿದ್ದರೆ ರೆಸ್ಟ್ ಸರಿಸಬೇಕು. ಬ್ರಾಡ್‌ಹೆಡ್‌ನಿಂದ ಫೀಲ್ಡ್ ಪಾಯಿಂಟ್ ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿಗೆ. ನಿಮ್ಮದು ಮೇಲೆ, ಹಾಗಾಗಿ ರೆಸ್ಟ್ ಮೇಲಕ್ಕೆ. ಕೂದಲೆಳೆಯಷ್ಟು ಮಾತ್ರ.

ವರ್ಕ್‌ಬೆಂಚ್

ಇದರ ಜೊತೆ ಕಾಗದದ ಪರೀಕ್ಷೆಯನ್ನೂ ಮಾಡಿ. ಚೌಕಟ್ಟಿಗೆ ಕಾಗದ ಬಿಗಿಯಾಗಿ ಕಟ್ಟಿ, ಸುಮಾರು ಎರಡು ಮೀಟರ್ ದೂರದಿಂದ ಫೀಲ್ಡ್ ಪಾಯಿಂಟ್ ಬಾಣ ಬಿಡಿ. ಕಾಗದದ ಹಿಂದೆ ಗುರಿ ಬ್ಲಾಕ್ ಇರಲಿ, ಬಾಣ ಪೂರ್ತಿ ಹಾದುಹೋಗುವಷ್ಟು ಜಾಗ ಬಿಟ್ಟು. ನಡುವೆ ಒಂದು ತೂತು, ಸುತ್ತ ಮೂರು ಸೀಳು ಬಂದರೆ ಬಾಣ ನೆಟ್ಟಗೆ ಹೊರಟಿದೆ. ಬಾಲದ ಗುರುತು ತೂತಿಗಿಂತ ಮೇಲಿದ್ದರೆ ಬಾಣ ಬಾಲ ಎತ್ತಿಕೊಂಡು ಹೋಗುತ್ತಿದೆ. ನಿಮ್ಮದು ಹೀಗೇ ಇರುತ್ತೆ ಅನ್ನಿಸುತ್ತೆ. ಬಾಲ ಪಕ್ಕಕ್ಕೆ ಸೀಳಿದ್ದರೆ ಮೊದಲು ನಿಮ್ಮ ಹಿಡಿತ ನೋಡಿಕೊಳ್ಳಿ. ಬಿಲ್ಲನ್ನು ಮುಷ್ಟಿ ಕಟ್ಟಿ ಹಿಡಿದು ತಿರುಚುವವರಿಗೆ ಹಾಗೆ ಬರುತ್ತದೆ.

ಹೊಸಹೆದೆ

ಹೌದು ಸರ್, ಬಾಲದ ಸೀಳು ಅರ್ಧ ಇಂಚು ಮೇಲಿದೆ. ನೇರ ಮೇಲೆ, ಪಕ್ಕಕ್ಕೆ ಇಲ್ಲ. ಬ್ರಾಡ್‌ಹೆಡ್‌ಗಳನ್ನು ತಿರುಗಿಸಿ ನೋಡಿದೆ, ಒಂದು ಮಾತ್ರ ಅಲುಗಿತು. ಬೇರೆ ಶಾಫ್ಟ್‌ಗೆ ಹಾಕಿದಾಗ ಸರಿಯಾಯಿತು. ಈಗ ರೆಸ್ಟ್ ಎಷ್ಟು ಏರಿಸಲಿ?

ವರ್ಕ್‌ಬೆಂಚ್

ಮುಟ್ಟುವ ಮೊದಲು ರೆಸ್ಟ್ ಈಗ ಇರುವ ಜಾಗಕ್ಕೆ ಮಾರ್ಕರ್‌ನಲ್ಲಿ ಸಣ್ಣ ಗೆರೆ ಎಳೆಯಿರಿ. ಆಮೇಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಏರಿಸಿ, ಸ್ಕ್ರೂ ಬಿಗಿದು, ಮತ್ತೆ ಕಾಗದಕ್ಕೆ ಬಿಡಿ. ಸೀಳು ಕಡಿಮೆ ಆಗುತ್ತಿದ್ದರೆ ಅದೇ ದಾರಿ. ಏರಿಸಿದರೂ ಬದಲಾಗದಿದ್ದರೆ ವೇನ್ ಎಲ್ಲೋ ತಗಲುತ್ತಿದೆ. ವೇನ್‌ಗೆ ಲಿಪ್‌ಸ್ಟಿಕ್ ಹಚ್ಚಿ ಬಿಡಿ, ಬಣ್ಣ ರೆಸ್ಟ್‌ನ ಗಟ್ಟಿ ಚೌಕಟ್ಟಿನ ಮೇಲೋ ಕೇಬಲ್ ಮೇಲೋ ಕೂತಿದ್ದರೆ ನಾಕ್ ಸ್ವಲ್ಪ ತಿರುಗಿಸಿ. ಬಿರುಗೂದಲಿನ ಮೇಲೆ ಕೂತಿದ್ದರೆ ಅದು ಸಹಜ. ಕಾಗದದಲ್ಲಿ ಸರಿಯಾದ ಮೇಲೆ 20 ಗಜಕ್ಕೆ ಹೋಗಿ ಫೀಲ್ಡ್ ಪಾಯಿಂಟ್, ಬ್ರಾಡ್‌ಹೆಡ್ ಒಂದೊಂದಾಗಿ ಬಿಡಿ. ಎರಡೂ ಒಂದೇ ಜಾಗಕ್ಕೆ ಬಂದ ಮೇಲೇ ಸೈಟ್ ಪಿನ್ ಹೊಸದಾಗಿ ಹೊಂದಿಸಿ.

ಕಾಡಂಚು

ಬ್ರಾಡ್‌ಹೆಡ್ ಒಂದೊಂದೇ ಬಿಡಿ, ಪ್ರತಿ ಸಲ ಬೇರೆ ಚುಕ್ಕಿಗೆ. ಒಂದರ ಮೇಲೊಂದು ಬಿದ್ದರೆ ವೇನ್ ಕತ್ತರಿಸಿಹೋಗುತ್ತದೆ. ಅಭ್ಯಾಸಕ್ಕೆ ಬಳಸಿದ ಬ್ಲೇಡನ್ನು ಹಾಗೇ ಕಾಡಿಗೆ ಒಯ್ಯಬೇಡಿ. ಮತ್ತೆ ಮಸೆಯಿರಿ, ಇಲ್ಲಾ ಬ್ಲೇಡ್ ಬದಲಿಸಿ, ರಬ್ಬರ್ ಬ್ಯಾಂಡ್ ಪರೀಕ್ಷೆ ಮಾಡಿ ಬತ್ತಳಿಕೆಗೆ ಹಾಕಿ.